ಪುಟ್ಟ ಕಾರಿನ ಗಡಗಡ

ದಾಂಡೇಲಿ ಸಮೀಪದ ಕೋಗಿಲಬನದ ಹೆಸರಿನಲ್ಲೇ ಒಂದು ದನಿ ಅಡಗಿದೆ. ಆದರೆ ಅಲ್ಲಿಂದ ಕಾಡಿನ ದಾರಿ ಹಿಡಿದು ಪುಟ್ಟ ಕಾರಿನಲ್ಲಿ ಜೋಯಿಡಾ ಕಡೆಗೆ ಹೊರಟವರಿಗೆ ಕೋಗಿಲೆಗಿಂತ ಮೊದಲು ಕೇಳಿಸುವುದು ಡ್ಯಾಶ್‌ಬೋರ್ಡಿನ ಕಟಕಟ, ಹಿಂದಿನ ಸೀಟಿನ ಕೊಂಡಿಯ ಟಿಕಟಿಕ, ಕಾಲಡಿಯಿಂದ ಏಳುವ ಒಂದೇ ಸಮನೆಯ ಮೊರೆತ. ಮಳೆಗಾಲದಲ್ಲಿ ಡಾಂಬರು ಕೊಚ್ಚಿಹೋಗಿ ಜಲ್ಲಿ ತಲೆ ಎತ್ತಿದ ಮೇಲಂತೂ ಪಕ್ಕದವರ ಮಾತೂ ಕೇಳಿಸದು. ದೊಡ್ಡ ಕಾರುಗಳಿಗೆ ಅಷ್ಟಾಗಿ ತಟ್ಟದ ಈ ತೊಂದರೆ ಸಣ್ಣ ಕಾರುಗಳಿಗೇಕೆ? ಇದಕ್ಕೊಂದು ಇತಿಹಾಸವಿದೆ. ಅದರ ಕೆಲವು ಪುಟಗಳು ನಮ್ಮ ಬೆಂಗಳೂರಿನಲ್ಲೇ ಬರೆಯಲ್ಪಟ್ಟವು.

ಚಕ್ರದ ಸದ್ದು ಕಾರಿಗಿಂತ ಹಳೆಯದು. ಮರದ ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿದ ಎತ್ತಿನ ಗಾಡಿ ಕಲ್ಲು ಹಾದಿಯಲ್ಲಿ ಬರುವುದು ಅರ್ಧ ಮೈಲಿಯಿಂದಲೇ ತಿಳಿಯುತ್ತಿತ್ತು. 1845ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದಾಗ, ಗಾಡಿ ಎಳೆಯುವ ಶ್ರಮ ತಗ್ಗಿಸುವುದರ ಜೊತೆಗೆ ಅದರ ಸದ್ದು ಕಡಿಮೆ ಮಾಡುವುದನ್ನೂ ತನ್ನ ಉದ್ದೇಶವೆಂದು ಬರೆದಿದ್ದ. ಜನ ಅದನ್ನು ಮರೆತರು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನೇ ಹೊಸದಾಗಿ ಕಂಡುಹಿಡಿಯಬೇಕಾಯಿತು. ನಮ್ಮ ಎತ್ತುಗಳಿಗೆ ಆ ಸುಖ ಇನ್ನೂ ತಡವಾಗಿ ಬಂತು. ಬೆಂಗಳೂರಿನ ಐಐಎಂ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಅವರು ಗಾಡಿಗಳ ಸುಧಾರಣೆಗಾಗಿ ವರ್ಷಗಟ್ಟಲೆ ವಾದಿಸಬೇಕಾಯಿತು.

ಕಾರಿಗೆ ರಬ್ಬರಿನ ಗಾಲಿ ಬಂದರೂ ಸದ್ದು ನಿಲ್ಲಲಿಲ್ಲ, ಜಾಗ ಬದಲಿಸಿತು. ಮೊದಮೊದಲ ಕಾರುಗಳು ಬಹುಪಾಲು ತೆರೆದ ಗಾಡಿಗಳು. ಸದ್ದು ಗಾಳಿಯಲ್ಲಿ ಕರಗಿಹೋಗುತ್ತಿತ್ತು. ತಗಡಿನ ಮುಚ್ಚಿದ ಮೈ ಬಂದದ್ದೇ ತಡ, ಕಾರು ಒಂದು ಡೋಲಾಯಿತು. ಎಂಜಿನ್ ಮತ್ತು ಚಕ್ರಗಳ ಅದುರು ಚೌಕಟ್ಟಿನ ಮೂಲಕ ಹರಿದು ಚಾವಣಿ, ನೆಲ, ಬಾಗಿಲುಗಳನ್ನು ಬಾರಿಸತೊಡಗಿತು. 1931ರಲ್ಲಿ ಅಮೆರಿಕದ ಪ್ಲಿಮತ್ ಕಾರು ಎಂಜಿನ್ನನ್ನು ರಬ್ಬರಿನ ಮೇಲೆ ತೇಲಿಬಿಟ್ಟಂತೆ ಕೂರಿಸಿ ಹೆಸರು ಮಾಡಿತು. ಅದುರನ್ನು ಹುಟ್ಟಿದಲ್ಲೇ ಹಿಡಿದು ನಿಲ್ಲಿಸುವ ಆ ಉಪಾಯ ಇಂದಿಗೂ ಪ್ರತಿ ಕಾರಿನಲ್ಲಿದೆ.

ಉಳಿದ ಸದ್ದನ್ನು ತಡೆಯಲು ಸುಲಭದ ದಾರಿ ತೂಕ. ಗೋಡೆಯ ತೂಕ ಇಮ್ಮಡಿಯಾದರೆ ದಾಟಿ ಬರುವ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅಂಬಾಸಡರಿನಂಥ ಭಾರಿ ಗಾಡಿಗೆ ತೂಕದ ಚಿಂತೆಯಿಲ್ಲ. ಸಣ್ಣ ಕಾರಿಗಾದರೋ ತೂಕವೇ ಶತ್ರು. ಅದರ ಬೆಲೆ, ಮೈಲೇಜು, ಪುಟ್ಟ ಎಂಜಿನ್ ಎಲ್ಲವೂ ಹಗುರತನವನ್ನೇ ನಂಬಿಕೊಂಡಿವೆ.

ಈ ಇಕ್ಕಟ್ಟಿಗೆ ಬೆಂಗಳೂರು ಸಿಕ್ಕಿಕೊಂಡದ್ದು 1970ರ ದಶಕದಲ್ಲಿ. ಇಲ್ಲಿನ ಸನ್‌ರೈಸ್ ಸಂಸ್ಥೆ 198 ಸಿಸಿಯ ಎಂಜಿನ್ ಇಟ್ಟು ‘ಬಾದಲ್’ ಎಂಬ ಮೂರು ಚಕ್ರದ ಕಾರು ತಯಾರಿಸಿತು. ಅದರ ಮೈ ಫೈಬರ್‌ಗ್ಲಾಸಿನದು. ಮುಂದೆ ಸಿಪಾನಿ ಎಂಬ ಹೆಸರಿನಲ್ಲಿ ಅದೇ ಉದ್ಯಮ 1982ರಲ್ಲಿ ‘ಡಾಲ್ಫಿನ್’ ಹೊರತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಈ ಸೋದರನಿಗೆ ಎರಡೇ ಬಾಗಿಲು, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್. ಷೋಳಾವರಂನ ರೇಸುಗಳಲ್ಲಿ ಅದು ಮಿಂಚಿದ್ದು ಹಗುರತನದ ಬಲದಿಂದಲೇ. ಫೈಬರ್‌ಗ್ಲಾಸ್ ತುಕ್ಕು ಹಿಡಿಯದು, ತಗಡಿನಂತೆ ಝಣಝಣಿಸುವುದೂ ಇಲ್ಲ. ಆದರೆ ತೆಳು ಗೋಡೆ ಹೊರಗಿನ ಸದ್ದನ್ನು ತಡೆಯಲಾರದು. ಬಿಡಿಭಾಗ ಸೇರುವ ಸಂದಿಯಲ್ಲಿ ಕೂದಲೆಳೆಯ ಅಂತರ ಉಳಿದರೂ ಅಲ್ಲೊಂದು ಕಟಕಟ ಹುಟ್ಟುತ್ತದೆ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ರಸ್ತೆಗಿಳಿದ ಮೇಲೆ ಊರಿನ ಕಾರು ಹಿಂದೆ ಸರಿಯಿತು. ಮಾರುತಿಯೇನೂ ಮೌನವ್ರತದ ಕಾರಲ್ಲ; ಅದರ ಮೂರು ಸಿಲಿಂಡರಿನ ಎಂಜಿನ್ ನಿಂತಲ್ಲೇ ನಡುಗುತ್ತಿತ್ತು. ಅಚ್ಚಿನಲ್ಲಿ ಒತ್ತಿದ ತಗಡಿನ ಭಾಗಗಳು ಒಂದಕ್ಕೊಂದು ಬಿಗಿಯಾಗಿ ಕೂಡುತ್ತಿದ್ದವು ಎನ್ನುವುದೇ ವ್ಯತ್ಯಾಸ.

ಇನ್ನೂ ಸ್ವಾರಸ್ಯದ ಪಾಠ ಕಲಿಸಿದ್ದು ಬೆಂಗಳೂರಿನದೇ ಆದ ‘ರೇವಾ’. 2001ರಲ್ಲಿ ಬಂದ, 2004ರಿಂದ ಲಂಡನ್ನಿನಲ್ಲೂ ‘ಜಿ-ವಿಜ್’ ಹೆಸರಿನಲ್ಲಿ ಓಡಿದ ಈ ವಿದ್ಯುತ್ ಕಾರಿಗೆ ಪ್ಲಾಸ್ಟಿಕ್ಕಿನ ಹೊದಿಕೆ. ಎಂಜಿನ್ನೇ ಇಲ್ಲದ ಮೇಲೆ ಸದ್ದೆಲ್ಲಿಯದು ಎನ್ನಬಹುದು. ಆದರೆ ಎಂಜಿನ್ನಿನ ಗದ್ದಲ ಬೇರೆ ಸಣ್ಣಪುಟ್ಟ ಸದ್ದುಗಳಿಗೆ ಪರದೆ. ಅದು ಸರಿದರೆ ಟೈರಿನ ಮೊರೆತ, ಸೀಟಿನ ಕಿರುಗುಟ್ಟುವಿಕೆ, ಗಾಜಿನ ಅಲುಗಾಟ ಎಲ್ಲವೂ ವೇದಿಕೆಗೆ ಬರುತ್ತವೆ. ವಿದ್ಯುತ್ ಕಾರು ಮಾಡುವ ಎಲ್ಲರೂ ಎದುರಿಸಬೇಕಾದ ಪ್ರಶ್ನೆ ಇದು.

ಹಾಗಾದರೆ ಮಾಡುವುದೇನು? ಮೊದಲು ಸದ್ದಿನ ಜಾತಿ ಗುರುತಿಸಬೇಕು. ಎರಡು ವಸ್ತುಗಳು ಬಡಿದರೆ ಕಟಕಟ. ಅಂಟಿ, ಜಾರಿ, ಮತ್ತೆ ಅಂಟಿದರೆ ಕಿರ್‌ಕಿರ್. ಅಗಲ ತಗಡು ತಾನೇ ಕಂಪಿಸಿದರೆ ಮೊರೆತ. ಕಟಕಟಕ್ಕೆ ತಿರುಪು ಬಿಗಿಸಿ ನಡುವೆ ಫೆಲ್ಟ್ ಪಟ್ಟಿ ಇಟ್ಟರೆ ಸಾಕು. ಮೊರೆತಕ್ಕೆ ಬಿಟುಮನ್ ಹಾಳೆ ಅಂಟಿಸುತ್ತಾರೆ. ಅದು ಕಂಪನವನ್ನು ನುಂಗಿ ಶಾಖವಾಗಿಸುತ್ತದೆ. ಇಡೀ ತಗಡಿಗೆ ಮೆತ್ತಬೇಕಿಲ್ಲ, ಹೆಚ್ಚು ಕಂಪಿಸುವ ನಡುಭಾಗಕ್ಕೆ ಹಚ್ಚಿದರೂ ಬಹಳಷ್ಟು ಫಲವಿದೆ. ಮೂಲೆ ಮೂಲೆಗೂ ಅಂಟಿಸಿ ಹಣ ಕೀಳುವವರ ಮಾತಿಗೆ ಮರುಳಾಗಬಾರದು. ಗಂಟೆಗೆ 40–50 ಕಿಲೋಮೀಟರ್ ದಾಟಿದ ಮೇಲೆ ಟೈರಿನ ಸದ್ದೇ ಮೇಲುಗೈಯಾಗುವುದರಿಂದ ಗಟ್ಟಿಯಾದ ಹಳೆಯ ಟೈರು, ಅತಿಯಾಗಿ ತುಂಬಿದ ಗಾಳಿ ಇವನ್ನೂ ನೋಡಬೇಕು.

ಉತ್ತರ ಕನ್ನಡದಂಥ ಮಳೆನಾಡಿನಲ್ಲಿ ಇನ್ನೊಂದು ಎಚ್ಚರ ಬೇಕು. ಬಾಗಿಲಿನೊಳಗೆ ಇಳಿದ ನೀರು ಹೊರಹೋಗಲು ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಮೌನದ ಆಸೆಗೆ ಅವನ್ನೂ ಮುಚ್ಚಿದರೆ ಒಳಗೊಳಗೇ ತುಕ್ಕು ಹಿಡಿಯುತ್ತದೆ.

ಹಳೆಯ ಮೆಕ್ಯಾನಿಕರು ಕಾರನ್ನು ಬಿಚ್ಚುವ ಮೊದಲು ಅದನ್ನು ಓಡಿಸಿ ಕೇಳುತ್ತಾರೆ. ತಿರುವಿನಲ್ಲಿ ಕಟಕಟವೆಂದರೆ ಆಕ್ಸಲ್ಲಿನ ಕೀಲು ಸವೆದಿರಬಹುದು. ಗುಂಡಿಗೆ ಇಳಿದಾಗ ಟಕ್ ಎಂದರೆ ಸಸ್ಪೆನ್ಷನ್ನಿನ ಬಾಲ್ ಜಾಯಿಂಟ್ ಸಡಿಲಾಗಿರಬಹುದು. ಅದು ಕಳಚಿದರೆ ಚಕ್ರವೇ ವಾಲುತ್ತದೆ. ಘಟ್ಟದ ತಿರುವಿನಲ್ಲಿ ಅಂಥ ಸದ್ದನ್ನು ಫೆಲ್ಟಿನಿಂದ ಮುಚ್ಚುವುದು ಅಪಾಯ. ವಿದ್ಯುತ್ ಕಾರುಗಳ ಮೌನ ಪಾದಚಾರಿಗಳಿಗೆ, ಮುಖ್ಯವಾಗಿ ಅಂಧರಿಗೆ, ಅಪಾಯವೆಂದು ಕಂಡುಬಂದಾಗ ಯುರೋಪಿನಲ್ಲೂ ಇದೇ ಮಾತು ಎದ್ದಿತು. 2021ರ ಜುಲೈನಿಂದ ಅಲ್ಲಿ ನೋಂದಣಿಯಾಗುವ ಪ್ರತಿ ಹೊಸ ವಿದ್ಯುತ್ ಕಾರೂ ನಿಧಾನವಾಗಿ ಚಲಿಸುವಾಗ ಹೊರಗಿನವರಿಗೆ ಕೇಳುವಂತೆ ಬೇಕೆಂದೇ ಸದ್ದು ಮಾಡಬೇಕು.