ವಾಹನ ನಿರ್ಧರಿಸಿದ ಬೊಂಬೆ

1977ರ ಮೇ ತಿಂಗಳಲ್ಲಿ ‘ಸ್ಟಾರ್ ವಾರ್ಸ್’ ತೆರೆಕಂಡಾಗ ಅಮೆರಿಕದ ಕೆನ್ನರ್ ಆಟಿಕೆ ಕಂಪನಿಯ ಬಳಿ ಚಿತ್ರದ ಬೊಂಬೆಗಳೇ ಸಿದ್ಧವಿರಲಿಲ್ಲ. ಆ ಕ್ರಿಸ್‌ಮಸ್‌ಗೆ ಅದು ಮಾರಿದ್ದು ಮುಂದೆ ಬೊಂಬೆ ಕಳಿಸುವ ಭರವಸೆಯ ರಟ್ಟಿನ ಲಕೋಟೆಯನ್ನು! ಜಿ.ಐ. ಜೋ ಎಂಬ ಸೈನಿಕ ಬೊಂಬೆ ತಂದ 12 ಇಂಚಿನ ಅಳತೆಗೆ ಚಿತ್ರದ ನೌಕೆ ಕಟ್ಟಿದರೆ ಅದು ಮನೆಯಲ್ಲೂ ಹಿಡಿಸದು, ಜೇಬಿಗೂ ಎಟುಕದು. ಹಾಗಾಗಿ ಬೊಂಬೆ 3¾ ಇಂಚಿಗೆ ಇಳಿಯಿತು. ಅಂದಮೇಲೆ ವಾಹನಕ್ಕೊಂದು, ಸವಾರನಿಗೊಂದು ಎಂದು ಬಿಡಿಬಿಡಿಯಾಗಿ ಬೆಲೆ ಕಟ್ಟುವುದು ಇತಿಹಾಸಕ್ಕೆ ಒಪ್ಪುವುದಿಲ್ಲ. ಚಿತ್ರದ ನಾಯಕ ಲ್ಯೂಕ್ ಓಡಿಸುವ ತೇಲುವ ವಾಹನ ಲ್ಯಾಂಡ್‌ಸ್ಪೀಡರ್‌ನ ಆಟಿಕೆ ನೋಡಿ: ಅಡಿಯಲ್ಲಿ ಸ್ಪ್ರಿಂಗ್ ಮೇಲೆ ಕೂತ ಪುಟ್ಟ ಚಕ್ರಗಳು ಅದಕ್ಕೆ ತೇಲುವ ಬಳುಕು ಕೊಡುತ್ತವೆ. ಆ ಬಳುಕು ಉಳಿದಿದೆಯೇ, ಮುಂದಿನ ಪಾರದರ್ಶಕ ಫಲಕ ಬಿರುಕುಬಿಟ್ಟಿದೆಯೇ, ಲ್ಯೂಕ್‌ನ ತೋಳಿನೊಳಗಿಂದ ಜಾರಿ ಬರುವ ಹಳದಿ ಕತ್ತಿಯ ತುದಿ ಮುರಿದಿದೆಯೇ ಎಂಬುದನ್ನು ಒಟ್ಟಿಗೇ ಪರೀಕ್ಷಿಸಬೇಕು.

ಮಾರುಕಟ್ಟೆ ಹಣ ಸುರಿಯುವುದು ತೆರೆಯದ ಪೊಟ್ಟಣಕ್ಕಲ್ಲವೇ ಎಂದು ಸಂಗ್ರಾಹಕರು ಕೇಳಬಹುದು. ನಿಜ. ಆದರೆ ಪೊಟ್ಟಣ ಹೇಳುವುದು ವಿರಳತೆಯ ಕಥೆಯನ್ನು, ವಿನ್ಯಾಸದ ಕಥೆಯನ್ನಲ್ಲ. ಆಟಿಕೆಯೊಂದು ಆಡದೆ ಉಳಿದದ್ದು ಬಹುಪಾಲು ಆಕಸ್ಮಿಕ. ಒಂದು ಕಡೆ ಮಾತ್ರ ಅವರ ವಾದಕ್ಕೆ ತೂಕವಿದೆ. ಚಿತ್ರದ ಪುಟ್ಟ ಜೀವಿ ಜಾವಾದ ಬೊಂಬೆಗೆ ಮೊದಲು ವಿನೈಲ್ ಮೇಲಂಗಿಯಿತ್ತು, ಬೇಗನೆ ಬಟ್ಟೆಯದು ಬಂತು. ವಿನೈಲಿನದಕ್ಕೆ ಬೆಲೆ ಏರಿದಂತೆ ನಕಲಿಗಳೂ ಹೆಚ್ಚಿದವು. ಬಿಡಿ ಬೊಂಬೆಯ ಮೇಲಂಗಿಯನ್ನು ಬದಲಿಸುವುದು ಎಷ್ಟು ಹೊತ್ತಿನ ಕೆಲಸ?