ಕಾಡುಗೊಲ್ಲರ ಹಟ್ಟಿಜೀವನದ ಛಾಯಾಚಿತ್ರ ದಾಖಲೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಪ್ರಾಂತಗಳಲ್ಲಿ ಊರಿಂದ ತುಸು ದೂರ, ಮುಳ್ಳುಬೇಲಿಯ ಆವರಣದೊಳಗಿನ ಹಟ್ಟಿಗಳಲ್ಲಿ ನೆಲಸಿದ ಪಶುಪಾಲಕ ಕಾಡುಗೊಲ್ಲರ ನಿತ್ಯಜೀವನವನ್ನು, ಕೃತಕ ಭಂಗಿಗಳಿಲ್ಲದೆ, ನಡೆದುದು ನಡೆದಂತೆ ಚಿತ್ರಗಳಲ್ಲಿ ಸಂಗ್ರಹಿಸುವ ದಾಖಲಾ ಪ್ರಕಾರ. ಇದರ ಪೂರ್ವರೂಪವು ಜನಾಂಗವರ್ಣನೆಯ ಗ್ರಂಥಗಳಲ್ಲಿದೆ: ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಕುರಿತ ಥರ್ಸ್ಟನ್ನನ ಏಳು ಸಂಪುಟಗಳು 1909ರಲ್ಲಿಯೂ, ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರು ಬುಡಕಟ್ಟು-ಜಾತಿಗಳ ನಾಲ್ಕು ಸಂಪುಟಗಳು 1928–35ರಲ್ಲಿಯೂ ಪ್ರಕಟವಾದವು. ಆ ಬಗೆಯ ಗ್ರಂಥಗಳ ಚಿತ್ರಗಳಲ್ಲಿ ಮನುಷ್ಯನು ಮಾದರಿಯಾಗಿ ನಿಲ್ಲುವನೇ ಹೊರತು ಬದುಕುತ್ತಿರುವವನಾಗಿ ಕಾಣನು. ಹಟ್ಟಿಯ ನಿಜವಾದ ಚಿತ್ರವೆಂದರೆ, ಮುಂಜಾನೆ ದೊಡ್ಡಿಯ ಬಾಗಿಲಿನ ಮುಳ್ಳುಕಂತೆಯನ್ನು ಸರಿಸುವ ಕೈ, ತಾಯಿಕುರಿಗಾಗಿ ಅರಚುವ ಮರಿ, ಹೆಗಲ ಮೇಲಿನ ಕಂಬಳಿ, ಕಾಡುಗೊಲ್ಲರ ಆರಾಧ್ಯ ವೀರ ಜುಂಜಪ್ಪನ ಕಾವ್ಯಕ್ಕೆ ದನಿಗೂಡುವ ಉದ್ದನೆಯ ಬಿದಿರ ಕೊಳಲಾದ ಗಣೆಯ ಮೇಲೆ ಆಡುವ ವೃದ್ಧನ ಬೆರಳು. ಚಳ್ಳಕೆರೆ ಸೀಮೆಯ ಕ್ಯಾತಪ್ಪ ದೇವರ ಪರಿಷೆಯಲ್ಲಿ ಮುಳ್ಳಿನ ಗುಡಿಯನ್ನು ಬರಿಗಾಲಿನಲ್ಲಿ ಏರುವ ದೃಶ್ಯವೇ ಪತ್ರಿಕೆಗಳಿಗೆ ಹೆಚ್ಚು ಪ್ರಿಯ. ಆದರೆ ಹಬ್ಬದ ಒಂದು ದಿನಕ್ಕಿಂತ ಉಳಿದ ದಿನಗಳ ದಾಖಲೆಯೇ ಹೆಚ್ಚು ಬೆಲೆಯುಳ್ಳದ್ದು. ಮುಟ್ಟು ಮತ್ತು ಹೆರಿಗೆಯ ಕಾಲದಲ್ಲಿ ಸ್ತ್ರೀಯರನ್ನು ಹಟ್ಟಿಯ ಹೊರಗಿರಿಸುವ ಪದ್ಧತಿಯನ್ನು ಚಿತ್ರಿಸುವಲ್ಲಿ ಆ ಸ್ತ್ರೀಯರ ಸಮ್ಮತಿಯೇ ಮೊದಲ ನಿಯಮ.