ವಕೀಲರಿಗೆ ಪ್ರವೇಶವಿಲ್ಲದ ಕೋರ್ಟು: ಫಾರಂ ನಂಬರ್ 7ರ ಕಥೆ

ಇವತ್ತಿನ ಎಪಿಸೋಡ್ ಒಂದು ಹಳದಿಗಟ್ಟಿದ ಕಾಗದದ ಬಗ್ಗೆ. ಕಡೂರು, ತರೀಕೆರೆ, ಅಜ್ಜಂಪುರ ಕಡೆಯವರಾದರೆ ನಿಮ್ಮನೆ ಟ್ರಂಕಲ್ಲೂ ಅದು ಇರಬಹುದು. ಮೇಲೆ 'ನಮೂನೆ 10' ಅಂತ ಬರೆದಿರುತ್ತೆ. ತಾತ ಗೇಣಿಗೆ ಉಳ್ತಿದ್ದ ಜಮೀನು ತಾತನದ್ದೇ ಆಯ್ತು ಅನ್ನೋದಕ್ಕೆ ಅದೇ ಸಾಕ್ಷಿ. ಅದನ್ನ ಪಡೆಯೋಕೆ ಮೊದಲು 'ಫಾರಂ ನಂಬರ್ 7' ತುಂಬಬೇಕಿತ್ತು. ನಮ್ಮ ಕಡೆ ಅದಕ್ಕೆ "ಡಿಕ್ಲರೇಷನ್ ಹಾಕೋದು" ಅಂತಿದ್ರು.

ನಾನು ಬಿಕಾಂ ಓದಿದವನು, ಲಾ ಅಲ್ಲ. ಕಾಮರ್ಸ್‌ನವರಿಗೆ 'ಬಾಡಿಗೆ ಆಸ್ತಿ' ಅಂದ್ರೆ ಮನೆ, ಅಂಗಡಿ, ಅಡ್ವಾನ್ಸು, ಹನ್ನೊಂದು ತಿಂಗಳ ಅಗ್ರಿಮೆಂಟು. ಆದರೆ ಕರ್ನಾಟಕದ ಅತಿದೊಡ್ಡ ಬಾಡಿಗೆ ವ್ಯವಹಾರ ನಡೀತಿದ್ದದ್ದು ಹೊಲದಲ್ಲಿ. ಗೇಣಿ, ವಾರ, ಕೋರು ಅಂತ ಹೆಸರು ಬೇರೆ ಬೇರೆ. ಕೆಲವು ಕಡೆ ಇಷ್ಟು ಪಲ್ಲ ಅಂತ ನಿಗದಿ, ಕೆಲವು ಕಡೆ ಬೆಳೆದದ್ದರಲ್ಲಿ ಅರ್ಧ. ಬಹುಪಾಲು ಎಲ್ಲಾ ಬಾಯಿಮಾತು. ರಸೀದಿ ಕೇಳಿದ್ರೆ ಮುಂದಿನ ವರ್ಷ ಹೊಲ ಬೇರೆಯವರ ಪಾಲು.

ಇದರ ವಿರುದ್ಧದ ದೊಡ್ಡ ಕೂಗು ಎದ್ದದ್ದು ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡು. ಜಗಳ ಶುರುವಾಗಿದ್ದು ಗೇಣಿ ಭತ್ತ ಅಳೆಯೋ ಕೊಳಗದ ಅಳತೆ ಬಗ್ಗೆ. ಎಚ್. ಗಣಪತಿಯಪ್ಪ ಗೇಣಿದಾರರನ್ನ ಸಂಘಟಿಸಿದ್ರು, ಶಾಂತವೇರಿ ಗೋಪಾಲಗೌಡರು ಬಂದ್ರು, ರಾಮಮನೋಹರ ಲೋಹಿಯಾ ಬಂದು ಅರೆಸ್ಟ್ ಆದ್ರು. 'ಉಳುವವನೇ ಹೊಲದೊಡೆಯ' ಅನ್ನೋ ಘೋಷಣೆ ಆ ಹೋರಾಟದ ಜೊತೆಗೇ ಬೆಳೀತು. ಮುಂದೆ 1961ರಲ್ಲಿ ಭೂ ಸುಧಾರಣಾ ಕಾಯ್ದೆ ಪಾಸಾಯ್ತು, ಜಾರಿಗೆ ಬರೋಕೆ 1965 ಆಯ್ತು. ಅದರಲ್ಲಿ ತೂತುಗಳು ಬೇಕಾದಷ್ಟಿದ್ವು, ಬಿಡಿ.

ನಿಜವಾದ ತಿರುವು ದೇವರಾಜ ಅರಸರ ಕಾಲದ ತಿದ್ದುಪಡಿ. ಜಾರಿಗೆ ಬಂದದ್ದು 1974ರ ಮಾರ್ಚ್ 1. ಅವತ್ತು ಏನಾಯ್ತು ನೋಡಿ: ಗೇಣಿಗೆ ಕೊಟ್ಟಿದ್ದ ಜಮೀನೆಲ್ಲಾ ಮಾಲೀಕನ ಕೈಬಿಟ್ಟು ಸರ್ಕಾರಕ್ಕೆ ಸೇರಿತು. ಗೇಣಿದಾರ ಅರ್ಜಿ ಹಾಕಿ ಸಾಬೀತು ಮಾಡಿದ್ರೆ ಸರ್ಕಾರದಿಂದ ಅವನಿಗೆ. ಅಂದ್ರೆ ಒಡೆಯನಿಂದ ನೇರವಾಗಿ ಉಳುವವನಿಗೆ ಬರಲಿಲ್ಲ, ನಡುವೆ ಸರ್ಕಾರ ನಿಂತಿತ್ತು. ನಾನು ಇದನ್ನ ಬಹಳ ಜಾಣತನದ ಏರ್ಪಾಡು ಅಂತೀನಿ. ಒಡೆಯನ ಹತ್ರ ಹೋಗಿ "ಸ್ವಾಮಿ, ಬರ್ಕೊಡಿ" ಅಂತ ಕೈಮುಗಿಯೋ ಅಗತ್ಯವೇ ಇರಲಿಲ್ಲ.

ಸಾಬೀತು ಮಾಡೋದು ಎಲ್ಲಿ? ಸಿವಿಲ್ ಕೋರ್ಟಲ್ಲಿ ಅಲ್ಲ. ತಾಲ್ಲೂಕು ಮಟ್ಟದ ಭೂ ನ್ಯಾಯಮಂಡಳಿಯಲ್ಲಿ. ಉಪವಿಭಾಗಾಧಿಕಾರಿ, ಅಂದ್ರೆ ಎಸಿ ಸಾಹೇಬ್ರು ಅಧ್ಯಕ್ಷರು. ಸರ್ಕಾರ ನೇಮಿಸಿದ ನಾಲ್ಕು ಸದಸ್ಯರು, ಅವರಲ್ಲಿ ಕನಿಷ್ಠ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಎಲ್ಲದಕ್ಕಿಂತ ವಿಚಿತ್ರ ಅನ್ಸೋದು ಸೆಕ್ಷನ್ 48ರ 8ನೇ ಉಪವಿಧಿ: ಇಲ್ಲಿ ವಕೀಲರು ಹಾಜರಾಗುವಂತಿಲ್ಲ!

ಯೋಚಿಸಿ. ಒಡೆಯನಿಗೆ ವಕೀಲರ ಫೀಸು ಕಷ್ಟವಲ್ಲ. ಗೇಣಿದಾರನಿಗೆ ಬಸ್ ಚಾರ್ಜೇ ಕಷ್ಟ. ಹಾಗಾಗಿ ಇಬ್ಬರಿಗೂ ವಕೀಲರು ಬೇಡ, ಇಬ್ಬರೂ ನಿಂತು ತಮ್ಮ ಮಾತು ತಾವೇ ಹೇಳಲಿ. ಲೆಕ್ಕ ಸರಿಯಾಗೇ ಇತ್ತು. ಕೇಳ್ತಿದ್ದ ಪ್ರಶ್ನೆಗಳೂ ಹೊಲದವೇ: ಯಾರು ಉಳ್ತಿದ್ರು, ಬೀಜ ಯಾರದ್ದು, ಎತ್ತು ಯಾರದ್ದು, ಪಕ್ಕದ ಹೊಲದವನು ಏನಂತಾನೆ. ಇದಕ್ಕೆಲ್ಲ ಕರಿ ಕೋಟು ಯಾಕೆ?

ಆದರೆ ಒಂದು ಕಾಗದ ಮಾತ್ರ ಎಲ್ಲರ ಮಾತಿಗಿಂತ ಜೋರಾಗಿ ಮಾತಾಡ್ತಿತ್ತು. ಅದು ಪಹಣಿ. ಸಾಗುವಳಿದಾರರ ಕಾಲಂನಲ್ಲಿ ಹೆಸರಿದ್ರೆ ಅದು ನಿಜ ಅಂತಲೇ ಭಾವಿಸ್ಬೇಕು, ಸುಳ್ಳು ಅನ್ನೋರು ಸಾಬೀತು ಮಾಡ್ಬೇಕು, ಹಾಗಂತ ಭೂಕಂದಾಯ ಕಾಯ್ದೆಯ 133ನೇ ಸೆಕ್ಷನ್ ಹೇಳುತ್ತೆ. ಮೂವತ್ತು ವರ್ಷ ಉಳುಮೆ ಮಾಡಿದವನ ಹೆಸರು ಅಲ್ಲಿಲ್ಲ ಅಂದ್ರೆ ಅವನು ಬಾಯಲ್ಲೇ ಗೆಲ್ಬೇಕು. ಸಾಕ್ಷಿ ಹೇಳ್ಬೇಕಾದ ಪಕ್ಕದ ಹೊಲದವನೂ ಅದೇ ಒಡೆಯನ ಒಕ್ಕಲಾಗಿದ್ರೆ ಮುಗೀತು ಕಥೆ.

ಇನ್ನೊಂದು ತೊಡಕು. ನ್ಯಾಯಮಂಡಳಿಯಲ್ಲಿ ಸೋತವರು ಹೈಕೋರ್ಟಿಗೆ ರಿಟ್ ಹಾಕಬಹುದಿತ್ತು. ಅಲ್ಲಿ ವಕೀಲರು ಇರ್ತಾರೆ. ಹೇಳಿಕೆ ಸರಿಯಾಗಿ ದಾಖಲಿಸಿಲ್ಲ, ಆದೇಶಕ್ಕೆ ಕಾರಣ ಬರೆದಿಲ್ಲ ಅಂತ ಎಷ್ಟೋ ಆದೇಶಗಳು ರದ್ದಾಗಿ ವಾಪಸ್ ಬಂದ್ವು. ತಾಲ್ಲೂಕಲ್ಲಿ ವಕೀಲರಿಲ್ಲದೆ ಗೆದ್ದವನು ಬೆಂಗಳೂರಲ್ಲಿ ವಕೀಲರನ್ನ ಹುಡುಕ್ಬೇಕು. ಕಾನೂನು ಬರೆದವರು ಮೊದಲ ಮೆಟ್ಟಿಲನ್ನ ಸಮ ಮಾಡಿದ್ರು, ಎರಡನೇ ಮೆಟ್ಟಿಲು ಹಾಗೇ ಉಳೀತು.

ಕೊನೆಗೆ 1987ರಲ್ಲಿ ಎಚ್.ಎಸ್. ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಭೂ ಸುಧಾರಣೆಯನ್ನ ಎತ್ತಿಹಿಡಿದು, ವಕೀಲರ ಮೇಲಿನ ಆ ನಿಷೇಧ ಮಾತ್ರ ನಿಲ್ಲಲ್ಲ ಅಂತು. ಅಷ್ಟರಲ್ಲಿ ಅರ್ಜಿ ಹಾಕೋ ಗಡುವು ಮುಗಿದು ಎಂಟು ವರ್ಷ ಆಗಿತ್ತು. ಕೊನೇ ದಿನ 1979ರ ಜೂನ್ 30. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಡಿಕ್ಲರೇಷನ್ ಬಿದ್ದಿದ್ವು, ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾದವು. ಗಡುವು ತಪ್ಪಿದವರಿಗೆ 1998ರಲ್ಲಿ ಫಾರಂ 7ಎ ಅಂತ ಇನ್ನೊಂದು ಅವಕಾಶ ಬಂತು.

ನಮ್ಮ ಜಿಲ್ಲೆಯದ್ದೇ ಒಂದು ತಮಾಷೆ ಕೇಳಿ, ತಮಾಷೆ ಅನ್ನೋದೂ ತಪ್ಪೇ. ಬೇರೆಯವರ ಜಮೀನಲ್ಲಿ ಗುಡಿಸಲು ಕಟ್ಕೊಂಡ ಕೃಷಿ ಕಾರ್ಮಿಕನಿಗೆ ಆ ಮನೆಜಾಗ ಅವನದ್ದೇ ಅಂತ ಇದೇ ಕಾಯ್ದೆಯ 38ನೇ ಸೆಕ್ಷನ್ ಹೇಳುತ್ತೆ. ಆದರೆ ಪ್ಲಾಂಟೇಷನ್‌ಗೆ ಇದು ಅನ್ವಯಿಸಲ್ಲ. ಕಾಫಿ, ಟೀ, ರಬ್ಬರ್, ಏಲಕ್ಕಿ, ಮೆಣಸು ಪ್ಲಾಂಟೇಷನ್ ಬೆಳೆ. ಅಡಿಕೆ, ತೆಂಗು ಅಲ್ಲ. ಹಾಗಾಗಿ ಕಡೂರಿನ ತೆಂಗಿನ ತೋಟದ ಕೂಲಿಯವನು ಹಕ್ಕು ಕೇಳಬಹುದಿತ್ತು, ಮೂಡಿಗೆರೆಯ ಎಸ್ಟೇಟ್ ಲೈನ್‌ಮನೆಯವನು ಕೇಳುವಂತಿರಲಿಲ್ಲ. ಮುಂದೆ ತಾಂಡಾ, ಗೊಲ್ಲರಹಟ್ಟಿಗಳಂಥ ದಾಖಲೆ ಇಲ್ಲದ ಊರುಗಳಿಗಾಗಿ 38ಎ ಸೇರಿಸಿದಾಗ ಕಂದಾಯ ಮಂತ್ರಿ ಯಾರು ಗೊತ್ತಾ? ಕಾಗೋಡು ತಿಮ್ಮಪ್ಪ.

ಈಗ ನಿಮ್ಮ ಟ್ರಂಕಿಗೆ ಬರೋಣ. ಫಾರಂ 10 ಬಹಳ ಸಲ ಮನೆ ಯಜಮಾನನ ಒಬ್ಬನ ಹೆಸರಲ್ಲಿರುತ್ತೆ. ಅರ್ಜಿ ಹಾಕಿದ್ದು ದೊಡ್ಡಪ್ಪ, ಉತ್ತಿದ್ದು ನಾಲ್ಕು ಜನ ಅಣ್ಣತಮ್ಮಂದಿರು. ಹಾಗಾದ್ರೆ ಜಮೀನು ದೊಡ್ಡಪ್ಪನ ಮಕ್ಕಳದ್ದು ಮಾತ್ರವಾ? ಗೇಣಿ ಇದ್ದದ್ದು ಅವಿಭಕ್ತ ಕುಟುಂಬಕ್ಕೆ ಅಂತ ತೋರಿಸಿದ್ರೆ ಎಲ್ಲರಿಗೂ ಪಾಲು ಬರುತ್ತೆ. ತೋರಿಸೋದು ಹೇಗೆ? ಆಗ ನ್ಯಾಯಮಂಡಳಿ ಮುಂದೆ ದೊಡ್ಡಪ್ಪ ಏನು ಹೇಳಿದ್ರು ಅನ್ನೋದು ಬೇಕಾಗುತ್ತೆ. "ನಾನೊಬ್ಬನೇ ಉಳ್ತಿದ್ದೆ" ಅಂದಿದ್ರಾ, "ನಾವು ಅಣ್ಣತಮ್ಮಂದಿರು" ಅಂದಿದ್ರಾ? ಪಕ್ಕದಲ್ಲಿ ತಿದ್ದೋಕೆ ವಕೀಲರಿಲ್ಲದಾಗ ಬಾಯಿಂದ ಬಂದ ಆ ಒಂದು ಸಾಲು, ಐವತ್ತು ವರ್ಷ ಆದ್ಮೇಲೆ ಇವತ್ತಿನ ವಿಭಾಗದ ದಾವೆಯಲ್ಲಿ ಸಾಕ್ಷಿ.

ಈಗಲೂ ನಿಮ್ಮ ಕೇಸನ್ನ ನೀವೇ ವಾದಿಸಬಹುದು, ಯಾವ ಕೋರ್ಟೂ ಬೇಡ ಅನ್ನಲ್ಲ. ಆದರೆ ವಿಭಾಗದ ದಾವೆಗೆ ನಾನಂತೂ ಸಲಹೆ ಕೊಡಲ್ಲ. ಹೆಣ್ಣುಮಕ್ಕಳಿಗೆ, ಎಸ್‌ಸಿ, ಎಸ್‌ಟಿಯವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತವಾಗಿ ವಕೀಲರು ಸಿಗ್ತಾರೆ. ಅದಕ್ಕೂ ಮೊದಲು ನ್ಯಾಯಮಂಡಳಿ ಕಡತದ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಆದೇಶ ಮಾತ್ರ ಅಲ್ಲ, ಹೇಳಿಕೆಗಳೂ ಬೇಕು ಅಂತ ಬರೀರಿ. ಅಜ್ಜಂಪುರದವರಿಗೆ ಒಂದು ಮಾತು: ನಿಮ್ಮೂರು ಪ್ರತ್ಯೇಕ ತಾಲ್ಲೂಕಾದದ್ದು ಈಚೆಗೆ. 1974ರಲ್ಲಿ ಅದು ತರೀಕೆರೆ ತಾಲ್ಲೂಕು. ಅರ್ಜಿಯಲ್ಲಿ ತಾಲ್ಲೂಕಿನ ಹೆಸರು ಹಾಗೇ ಹಾಕಿ, ಹಳೇ ಸರ್ವೆ ನಂಬರ್ ಬರೀರಿ.